ರೌಟರ್‌ಗೆ ನಾಲ್ಕು ಸ್ಟಾರ್, ಡಬ್ಬಿಯೊಳಗಿನ ಚೀಟಿಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ಈ ರಿವ್ಯೂನಲ್ಲಿ ಕಂಪನಿಯ ಹೆಸರಿಲ್ಲ. ಹೆಸರು ಹೇಳದ ರಿವ್ಯೂ ಅಂದರೆ ಉಪ್ಪಿಲ್ಲದ ಸಾರು, ಗೊತ್ತು. ಆದರೆ ರೌಟರ್ ಒಳಗಿನ ಸಾಫ್ಟ್‌ವೇರಿನ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ, ಕೊಡಿ ಅಂತ ಅವರ ಜೊತೆ ಏಳು ತಿಂಗಳು ಪತ್ರ ವ್ಯವಹಾರ ಮಾಡಿದ್ದೇನೆ, ನಡುವೆ ಒಮ್ಮೆ 'ನೀವು ಸರಿ ಮಾಡಿದರೆ ನಾನು ಎಲ್ಲೂ ನಿಮ್ಮ ಹೆಸರು ಎತ್ತುವುದಿಲ್ಲ' ಅಂತ ಬರೆದುಕೊಟ್ಟಿದ್ದೇನೆ. ಅವರು ಮುಕ್ಕಾಲು ಪಾಲು ಸರಿ ಮಾಡಿದರು. ಮುಕ್ಕಾಲು ಮಾತು ಉಳಿಸಿಕೊಳ್ಳುವುದು ಹೇಗೆ ಅಂತ ಗೊತ್ತಾಗದೆ ನಾನು ಪೂರ್ತಿ ಉಳಿಸಿಕೊಳ್ಳುತ್ತಿದ್ದೇನೆ.

ತಗೊಂಡಿದ್ದು ಕಳೆದ ಜುಲೈನಲ್ಲಿ. ಪುಣೆಯಲ್ಲಿ ಜೋರು ಮಳೆ. ಕೋಥ್ರೂಡ್‌ನ ನಮ್ಮ ಮನೆಯ ಹಳೆ ರೌಟರ್ ಒಂದು ಸಿಡಿಲಿಗೆ ತೀರಿಕೊಂಡಿತು. ಹೆಂಡತಿಗೆ ಮನೆಯಿಂದಲೇ ಕೆಲಸ, ಮರುದಿನ ಬೆಳಗ್ಗೆ ಮೀಟಿಂಗ್, ಆನ್‌ಲೈನ್‌ನಲ್ಲಿ ತರಿಸಿದರೆ ಎರಡು ದಿನ. ರೇನ್‌ಕೋಟ್ ಹಾಕಿಕೊಂಡು ಬುಧವಾರ ಪೇಠ್‌ನ ತಾಪ್ಕೀರ್ ಗಲ್ಲಿಗೆ ಹೋದೆ. ಪುಣೆಯವರಿಗೆ ಈ ಗಲ್ಲಿ ಗೊತ್ತಿರುತ್ತೆ. ವೈರು, ಸ್ವಿಚ್ಚು, ಎಲ್‌ಇಡಿ, ಸ್ಪೀಕರ್ ಎಲ್ಲ ಒಂದರ ಮೇಲೊಂದು ಪೇರಿಸಿಟ್ಟಿರುತ್ತಾರೆ, ನಡುವೆ ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕು. ಆನ್‌ಲೈನ್‌ನಲ್ಲಿ ಎರಡು ಸಾವಿರದ ನೂರು ಇದ್ದಿದ್ದು ಇಲ್ಲಿ 1,850ಕ್ಕೆ ಸಿಕ್ಕಿತು. ಅಂಗಡಿಯ ಕಾಕಾ ಬಿಲ್ ಕೂಡ ಕೊಟ್ಟರು, ಕೇಳದೆಯೇ. ಅಂಗಡಿಗೆ ಐದಕ್ಕೆ ಐದು.

ಇನ್ನು ರೌಟರ್. ನಮ್ಮದು ಎರಡು ಬೆಡ್‌ರೂಮಿನ ಮನೆ, 100 ಎಂಬಿಪಿಎಸ್ ಪ್ಲಾನ್. ಹಾಲ್‌ನಲ್ಲಿ ಪೂರ್ತಿ ಸ್ಪೀಡ್ ಬರುತ್ತೆ, ಕೊನೆಯ ರೂಮಿನಲ್ಲಿ 60ರ ಆಸುಪಾಸು, ಅಡುಗೆಮನೆಯಲ್ಲಿ ಮಾತ್ರ ಫ್ರಿಜ್ ಅಡ್ಡ ಬಂದು ಸ್ವಲ್ಪ ಒದ್ದಾಡುತ್ತೆ. ಬಿಸಿ ಜಾಸ್ತಿ ಆಗಲ್ಲ. ನಾಲ್ಕು ಆಂಟೆನಾ ಇವೆ, ಅದರಲ್ಲಿ ಎರಡು ಬರೀ ಶೋಕಿಗೆ, ಒಳಗೆ ವೈರೇ ಇಲ್ಲ. ಬಿಚ್ಚಿ ನೋಡಿದ್ದೇನೆ. ಈ ಬೆಲೆಗೆ ಇಷ್ಟು ಸಾಕು. ವೈಫೈ ಒಂದೇ ಬೇಕಾದವರು ಇಲ್ಲಿಗೆ ಓದು ನಿಲ್ಲಿಸಬಹುದು.

ತೊಂದರೆ ಶುರುವಾಗಿದ್ದು ಮೂರನೇ ವಾರದಲ್ಲಿ. ವೈಫೈ ಇರುತ್ತೆ, ವೆಬ್‌ಸೈಟ್ ತೆರೆಯಲ್ಲ. ಆಫ್ ಮಾಡಿ ಆನ್ ಮಾಡಿದರೆ ಸರಿ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ. ನನ್ನ ಹೊಟ್ಟೆಪಾಡು ಇಂಥ ಡಬ್ಬಿಗಳೊಳಗಿನ ಸಾಫ್ಟ್‌ವೇರ್ ಬರೆಯುವುದೇ ಆದ್ದರಿಂದ ಕೈ ಸುಮ್ನೆ ಇರಲಿಲ್ಲ. ಹಳೆಯ ಸಿಮ್ ಕಾರ್ಡ್ ತೂರಿಸಿ ಮುಚ್ಚಳ ಎಬ್ಬಿಸಿದೆ. ಬೋರ್ಡ್ ಮೇಲೆ ಸಾಲಾಗಿ ನಾಲ್ಕು ತೂತು. ಸೀರಿಯಲ್ ವೈರ್ ಹಚ್ಚಿ ಲ್ಯಾಪ್‌ಟಾಪ್‌ಗೆ ಸೇರಿಸಿ ಕರೆಂಟ್ ಕೊಟ್ಟಾಗ ಪರದೆ ಮೇಲೆ ಸರಸರ ಸಾಲುಗಳು ಬಂದವು. ಮೊದಲು ಡಬ್ಬಿಯನ್ನು ಎಬ್ಬಿಸುವ ಯು-ಬೂಟ್, ಆಮೇಲೆ ಅದನ್ನು ನಡೆಸುವ ಲಿನಕ್ಸ್ 3.10.14, ಆಮೇಲೆ ಸಣ್ಣಪುಟ್ಟ ಕಮಾಂಡುಗಳ ಗಂಟಾದ ಬಿಜಿಬಾಕ್ಸ್. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು. ಅದರ 3.10 ಬಂದಿದ್ದು 2013ರಲ್ಲಿ, ಅದರ ರಿಪೇರಿ ನಿಂತಿದ್ದು 2017ರಲ್ಲಿ. ನಾನು ಹೊಸದು ಅಂತ ದುಡ್ಡು ಕೊಟ್ಟಿದ್ದು ಇದಕ್ಕೆ. ಡಿಎನ್‌ಎಸ್ ಕೆಲಸ, ಅಂದರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಕೆಲಸ, ನೋಡುವ ಡಿಎನ್‌ಎಸ್‌ಮಾಸ್ಕ್ ಅನ್ನೋ ಪ್ರೋಗ್ರಾಂ ಇನ್ನೂ ಹಳೇದು. 2021ರ ಜನವರಿಯಲ್ಲಿ ಆ ಪ್ರೋಗ್ರಾಂನಲ್ಲಿ ಏಳು ದೋಷಗಳು ಒಟ್ಟಿಗೆ ಬಯಲಾದವು, ಡಿಎನ್‌ಎಸ್‌ಪೂಕ್ ಅಂತ ಹೆಸರಿಟ್ಟರು, 2.83ನೇ ಆವೃತ್ತಿಯಲ್ಲಿ ರಿಪೇರಿ ಆಯಿತು. ನನ್ನ ಡಬ್ಬಿಯಲ್ಲಿ ಇದ್ದಿದ್ದು ಅದಕ್ಕಿಂತ ಹಿಂದಿನದು. ನಿಮ್ಮ ಬ್ಯಾಂಕಿನ ವಿಳಾಸ ಕೇಳಿದರೆ ಕಳ್ಳನ ವಿಳಾಸ ಹೇಳುವ ಹಾಗೆ ಅದನ್ನು ಯಾಮಾರಿಸಬಹುದು. ಕಂಪನಿಯ ಸೈಟ್‌ನಲ್ಲಿ ಅಪ್‌ಡೇಟ್ ಇದೆಯಾ ಅಂತ ನೋಡಿದರೆ ಕೊನೆಯದು ಎರಡು ವರ್ಷ ಹಳೆಯದು.

ಅವರು ರಿಪೇರಿ ಮಾಡಲ್ಲ. ಸರಿ, ನಾನೇ ಮಾಡಿಕೊಳ್ಳುತ್ತೇನೆ. ಅದಕ್ಕೆ ಸೋರ್ಸ್ ಕೋಡ್ ಬೇಕು. ಅದು ನನ್ನ ಹಕ್ಕು ಅಂತ ಡಬ್ಬಿಯೊಳಗಿನ ಚೀಟಿಯಲ್ಲೇ ಬರೆದಿತ್ತು.

ಆ ಚೀಟಿಯನ್ನು ನೀವು ನೋಡಿರುತ್ತೀರಿ, ಓದಿರುವುದಿಲ್ಲ. ಪಂಚಾಂಗದ ಹಾಳೆಗಿಂತ ತೆಳು, ಎಂಟು ಮಡಿಕೆ. ವಾರಂಟಿ ಮುಗಿದ ಮೇಲೆ, ಬ್ಯಾಟರಿ ಕಸಕ್ಕೆ ಹಾಕಬೇಡಿ ಅನ್ನೋ ಚಿತ್ರಕ್ಕಿಂತ ಮುಂಚೆ, ಇರುವೆ ಅಕ್ಷರದಲ್ಲಿ ನಾಲ್ಕು ಸಾಲು: ಈ ಉತ್ಪನ್ನದಲ್ಲಿ ಜಿಪಿಎಲ್ ಪರವಾನಗಿಯ ಸಾಫ್ಟ್‌ವೇರ್ ಇದೆ, ಮೂರು ವರ್ಷದವರೆಗೆ ಯಾರು ಕೇಳಿದರೂ ಸೋರ್ಸ್ ಕೋಡ್ ಕೊಡುತ್ತೇವೆ, ಈ ವಿಳಾಸಕ್ಕೆ ಇಮೇಲ್ ಮಾಡಿ.

ಇದು ಅವರ ಔದಾರ್ಯ ಅಲ್ಲ. ಲಿನಕ್ಸ್ ಕರ್ನಲ್, ಬಿಜಿಬಾಕ್ಸ್ ಎರಡೂ 1991ರ ಜಿಪಿಎಲ್ ಎರಡನೇ ಆವೃತ್ತಿಯಲ್ಲಿವೆ. ಅದರ ಮೂರನೇ ಕಲಮು ಹೇಳುವುದಿಷ್ಟು: ನೀನು ಇದನ್ನು ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಹಂಚುತ್ತೀಯಾ, ಹಂಚು, ಮಾರು, ದುಡ್ಡು ಮಾಡು. ಆದರೆ ಜೊತೆಗೇ ಸೋರ್ಸ್ ಕೊಡು, ಇಲ್ಲಾ ಕನಿಷ್ಠ ಮೂರು ವರ್ಷ ಯಾರು ಕೇಳಿದರೂ ಕೊಡ್ತೀನಿ ಅಂತ ಬರೆದುಕೊಡು. ಕಳಿಸುವ ಖರ್ಚಿಗಿಂತ ಹೆಚ್ಚು ವಸೂಲಿ ಮಾಡಬೇಡ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಸುತ್ತಾರಲ್ಲ, ಯಾರು ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ, ನಾಳೆ ಅವರ ಮನೆ ಮದುವೆಗೆ ತಿರುಗಿ ಹಾಕೋಕೆ. ತುಂಬಾ ಜನ ಜಿಪಿಎಲ್ ಕೂಡ ಹಾಗೇ ಅಂದುಕೊಂಡಿದ್ದಾರೆ, ತಿದ್ದಿದ್ದನ್ನು ಮೂಲ ಬರೆದವರಿಗೆ ವಾಪಸ್ ಕೊಡಬೇಕು ಅಂತ. ಹಾಗೇನಿಲ್ಲ. ಈ ಮುಯ್ಯಿ ಹಿಂದಕ್ಕೆ ಹೋಗಲ್ಲ, ಮುಂದಕ್ಕೆ ಹೋಗುತ್ತೆ. ಡಬ್ಬಿ ಯಾರ ಕೈಗೆ ಬಂತೋ ಅವರಿಗೆ. ಅಂದರೆ 1,850 ರೂಪಾಯಿ ಕೊಟ್ಟು ಮಳೆಯಲ್ಲಿ ನೆಂದು ಬಂದ ನನಗೆ. ಅದೇ ಸಾಫ್ಟ್‌ವೇರನ್ನು ಆಫೀಸಿನೊಳಗೆ ಇಟ್ಟುಕೊಂಡು ಬಳಸಿದರೆ ಯಾರಿಗೂ ಏನೂ ಕೊಡಬೇಕಿಲ್ಲ. ಹೊರಗೆ ಹಂಚಿದಾಗಲೇ ಋಣ ಹುಟ್ಟುವುದು.

ಚೀಟಿಯ ವಿಳಾಸಕ್ಕೆ ಇಮೇಲ್ ಹಾಕಿದೆ. ಎರಡೇ ನಿಮಿಷದಲ್ಲಿ ಉತ್ತರ ಬಂತು, ಕಂಪನಿಯಿಂದಲ್ಲ, ಮೇಲ್ ಸರ್ವರ್‌ನಿಂದ. ಇಂಥ ವಿಳಾಸ ಇಲ್ಲ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಸಪೋರ್ಟ್ ಅನ್ನೋ ಇಂಗ್ಲಿಷ್ ಪದದಲ್ಲಿ ಎರಡು ಪಿ ಇರಬೇಕಲ್ವಾ, ಒಂದೇ ಅಚ್ಚಾಗಿತ್ತು. ನಾನೇ ಇನ್ನೊಂದು ಪಿ ಸೇರಿಸಿ ಕಳಿಸಿದೆ. ಹೋಯಿತು. ಉತ್ತರ ಇಲ್ಲ.

ಎರಡು ವಾರ ಕಾದು ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ನನ್ನ ಹಿಂದಿಯ ಎರಡು ವಾಕ್ಯ ಕೇಳಿದ್ದೇ ಆ ಕಡೆಯ ಹುಡುಗಿ, "ಸರ್, ನೀವು ಕನ್ನಡದವರಾ?" ಅಂದಳು. ಪ್ರಾಣ ಬಂದಂತಾಯಿತು.

"ಸೋರ್ಸ್ ಕೋಡ್ ಅಂದ್ರೆ, ರೌಟರ್ ಕೆಳಗೆ ಸ್ಟಿಕರ್ ಮೇಲೆ ಇರುತ್ತಲ್ಲ ಸರ್, ಅದಾ?"

"ಅಲ್ಲಮ್ಮ, ಅದು ವೈಫೈ ಪಾಸ್‌ವರ್ಡ್."

ಚೀಟಿಯಲ್ಲಿ ಬರೆದಿದ್ದನ್ನು ಓದಿ ಹೇಳಿದೆ. ಪಾಪ, ಅಕ್ಷರ ಅಕ್ಷರ ಬರೆದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಇದನ್ನ ಯಾವ ಕೆಟಗರಿಗೆ ಹಾಕಲಿ ಸರ್? ನನ್ನ ಲಿಸ್ಟ್‌ನಲ್ಲಿ ಸ್ಲೋ ಸ್ಪೀಡ್, ನೋ ಇಂಟರ್ನೆಟ್, ಅದರ್ಸ್, ಮೂರೇ ಇರೋದು" ಅಂದಳು. ಅದರ್ಸ್‌ಗೆ ಹಾಕಿಸಿದೆ. ಮೂರನೇ ದಿನ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ, ಗ್ರಾಹಕರಿಗೆ ರೌಟರ್ ರೀಸ್ಟಾರ್ಟ್ ಮಾಡಲು ತಿಳಿಸಲಾಗಿದೆ. ಆ ಹುಡುಗಿಗೆ ಐದು ಸ್ಟಾರ್, ಆ ಲಿಸ್ಟ್ ಮಾಡಿದವರಿಗೆ ಸೊನ್ನೆ.

ಸೆಪ್ಟೆಂಬರ್‌ನಲ್ಲಿ ಯಾರೋ ಒಬ್ಬರು ನಿಜವಾಗಿ ಓದಿ ಉತ್ತರ ಬರೆದರು. ಎರಡು ಷರತ್ತು. ಒಂದು, ಸಿಡಿ ಕಳಿಸಲು ಮೂರು ಸಾವಿರ ಪ್ರೊಸೆಸಿಂಗ್ ಶುಲ್ಕ. ಇನ್ನೊಂದು, ಕೋಡ್ ಯಾರಿಗೂ ತೋರಿಸಲ್ಲ ಅಂತ ಒಪ್ಪಂದಕ್ಕೆ ಸಹಿ. ನಕ್ಕುಬಿಟ್ಟೆ. 1,850ರ ರೌಟರ್‌ಗೆ ಮೂರು ಸಾವಿರದ ಸಿಡಿ. ನಿಜವಾಗಿ ತಗಲುವ ಅಂಚೆ ಖರ್ಚು, ಸಿಡಿ ಖರ್ಚು ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಕೇಳೋದಕ್ಕೆ ಮೂರನೇ ಕಲಮು ಬಿಡಲ್ಲ ಅಂತ ಬರೆದೆ. ಸಹಿಯ ವಿಷಯಕ್ಕೆ ಆರನೇ ಕಲಮು ತೋರಿಸಿದೆ: ಪಡೆದವನ ಮೇಲೆ ನೀವು ಹೊಸ ನಿರ್ಬಂಧ ಹೇರುವ ಹಾಗಿಲ್ಲ. ಸಿಟ್ಟು ಮಾಡಲಿಲ್ಲ, ಬೈಯಲಿಲ್ಲ. ಹಳೆ ಕಂಪನಿಯಲ್ಲಿ ಇಂಥ ಪತ್ರ ಓದುವ ಕಡೆ ಕೂತವನು ನಾನು, ಬೈದ ಪತ್ರ ನೇರ ವಕೀಲರ ಟೇಬಲ್‌ಗೆ ಹೋಗುತ್ತೆ, ಆಮೇಲೆ ಆರು ತಿಂಗಳು ಯಾವ ಇಂಜಿನಿಯರ್ ಕೂಡ ಬಾಯಿ ಬಿಡುವಂತಿಲ್ಲ ಅನ್ನೋದು ಗೊತ್ತಿತ್ತು.

ಅಕ್ಟೋಬರ್‌ನಲ್ಲಿ ಲಿಂಕ್ ಬಂತು. ಪುಕ್ಕಟೆ, ಸಹಿ ಇಲ್ಲದೆ. ಖುಷಿಯಿಂದ ಬಿಚ್ಚಿದೆ. ಒಳಗೆ ಲಿನಕ್ಸ್ 3.10.14, ಅಷ್ಟೇ. ಯಾರು ಬೇಕಾದರೂ ಕರ್ನಲ್‌ನ ಸ್ವಂತ ಸೈಟ್‌ನಿಂದ ಇಳಿಸಿಕೊಳ್ಳಬಹುದಾದ ಅದೇ ಕಟ್ಟು, ಒಂದು ಅಕ್ಷರ ಬದಲಾಗಿಲ್ಲ. ನನ್ನ ಡಬ್ಬಿಯಲ್ಲಿ ಓಡುತ್ತಿದ್ದ ಕರ್ನಲ್‌ಗೆ ಚಿಪ್‌ನವರು ತಮ್ಮದೇ ಸಾವಿರಾರು ಸಾಲು ಸೇರಿಸಿದ್ದಾರೆ, ಅದೊಂದೂ ಇಲ್ಲ. ಬಿಜಿಬಾಕ್ಸ್ ಇಲ್ಲ. ಯು-ಬೂಟ್ ಇಲ್ಲ. ಡಿಎನ್‌ಎಸ್‌ಮಾಸ್ಕ್ ಇಲ್ಲ. ಊಟದ ಬಿಲ್ ತಗೊಂಡು ಎಲೆ ಮಾತ್ರ ಹಾಕಿದ ಹಾಗೆ.

ಇಲ್ಲಿ ಹೆಚ್ಚಿನವರು ಕೈಬಿಡುತ್ತಾರೆ, ಕಂಪನಿಯವರು 'ಕೊಟ್ಟಾಯ್ತಲ್ಲ' ಅಂತ ಫೈಲ್ ಮುಚ್ಚುತ್ತಾರೆ. ಲೈಸೆನ್ಸ್ ಏನು ಹೇಳುತ್ತೆ ಅಂತ ಸರಿಯಾಗಿ ಗೊತ್ತಿರಬೇಕಾಗಿರೋದು ಇಲ್ಲೇ. ಪೂರ್ತಿ ಸೋರ್ಸ್ ಅಂದರೆ ಆ ಬೈನರಿಯೊಳಗಿನ (ಯಂತ್ರಕ್ಕಷ್ಟೇ ಅರ್ಥವಾಗುವ ರೂಪ) ಎಲ್ಲ ಭಾಗಗಳ ಸೋರ್ಸ್, ಜೊತೆಗೆ ಅದನ್ನು ಕಂಪೈಲ್ ಮಾಡಿ, ಅಂದರೆ ಬೈನರಿಯಾಗಿ ಕಟ್ಟಿ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳು. ಕೊನೆಯ ಆ ಪದಗಳನ್ನು ಜನ ಮರೆಯುತ್ತಾರೆ. ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳು. ನಾನು ಬಿನ್‌ವಾಕ್ ಅನ್ನೋ ಟೂಲ್‌ನಿಂದ ಅವರ ಫರ್ಮ್‌ವೇರ್ ಫೈಲನ್ನೇ, ಅಂದರೆ ಡಬ್ಬಿಗೆ ತುಂಬುವ ಇಡೀ ಸಾಫ್ಟ್‌ವೇರಿನ ಗಂಟನ್ನೇ ಬಿಚ್ಚಿ, ಒಳಗಿದ್ದ ಒಂದೊಂದು ಪ್ರೋಗ್ರಾಂನ ಹೆಸರು, ಆವೃತ್ತಿ, ಯಾವ ಲೈಸೆನ್ಸ್ ಅಂತ ಪಟ್ಟಿ ಮಾಡಿ ಕಳಿಸಿದೆ. ಬಿಎಸ್‌ಡಿ, ಎಂಐಟಿ ಲೈಸೆನ್ಸಿನವೂ ಇದ್ದವು. ಅವು ಸೋರ್ಸ್ ಕೇಳಲ್ಲ, ಬರೆದವರ ಹೆಸರು ಮತ್ತು ಲೈಸೆನ್ಸಿನ ಪಠ್ಯ ಜೊತೆಗಿಡಿ ಅನ್ನುತ್ತವೆ, ಅಷ್ಟೇ. ಅದೂ ಎಲ್ಲೂ ಇರಲಿಲ್ಲ. ಒಳ್ಳೆಯ ಟಿವಿ, ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೇ ಒಂದು ಪುಟ ಇರುತ್ತೆ, ಯಾರೂ ತೆರೆಯಲ್ಲ. ನಾನು ತೆರೆಯುತ್ತೇನೆ, ಮದುವೆ ಮನೆಯಲ್ಲಿ ಅಡುಗೆ ಭಟ್ಟರನ್ನು ಹುಡುಕಿ ಮಾತಾಡಿಸುವವರು ಇರುತ್ತಾರಲ್ಲ, ಹಾಗೆ.

ಎರಡನೇ ಕಟ್ಟು ದೀಪಾವಳಿ ಆದ ಮೇಲೆ ಬಂತು. ಈ ಸಲ ಹೆಚ್ಚುಕಡಿಮೆ ಎಲ್ಲ ಇತ್ತು. ಶನಿವಾರ ರಾತ್ರಿ ಊಟ ಆದ ಮೇಲೆ ಕಂಪೈಲ್ ಮಾಡಲು ಕೂತೆ. ಮೊದಲ ಹತ್ತು ನಿಮಿಷದಲ್ಲೇ ನಿಂತಿತು: ಯಾವುದೋ ಫೋಲ್ಡರ್ ಸಿಗುತ್ತಿಲ್ಲ. ನೋಡಿದರೆ ಸ್ಕ್ರಿಪ್ಟ್‌ನೊಳಗೆ ಯಾರದೋ ಲ್ಯಾಪ್‌ಟಾಪ್‌ನ ಸ್ವಂತ ಫೋಲ್ಡರ್ ಹೆಸರು. ಆ ಮನುಷ್ಯನ ಹೆಸರೂ ಅದರಲ್ಲೇ ಇತ್ತು, ಪುಣ್ಯಾತ್ಮ ಎಲ್ಲಿದ್ದಾನೋ. ಅದನ್ನು ತಿದ್ದಿದೆ. ಹಳೆಯ ಕಂಪೈಲರ್ ಬೇಕು ಅಂತು, ಹುಡುಕಿ ತಂದೆ. ಕಾನ್ಫಿಗ್ ಫೈಲ್ ಇಲ್ಲ ಅಂತು, ಊಹೆ ಮಾಡಿ ಬರೆದೆ. ಹೆಂಡತಿ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ "ನೀರು ಕುಡಿದು ಮಲಗಿ" ಅಂದಳು. ಎರಡೂವರೆಗೆ ಇಮೇಜ್, ಅಂದರೆ ರೌಟರ್‌ಗೆ ತುಂಬುವ ಫೈಲ್, ತಯಾರಾಯಿತು. ರೌಟರ್‌ನ ಅಪ್‌ಡೇಟ್ ಪುಟದಲ್ಲಿ ಹಾಕಿದರೆ 'ಇದು ಸರಿಯಾದ ಫೈಲ್ ಅಲ್ಲ'. ಅವರ ಇಮೇಜಿನ ತಲೆಗೆ ಮಾಡೆಲ್ ನಂಬರು, ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಚೆಕ್‌ಸಮ್ ಇರುವ, ಹೆಡರ್ ಅನ್ನೋ ಒಂದು ಪಟ್ಟಿ ಅಂಟಿಸುತ್ತಾರೆ, ಅದನ್ನು ಅಂಟಿಸುವ ಪುಟ್ಟ ಪ್ರೋಗ್ರಾಂ ಮಾತ್ರ ಕಟ್ಟಿನಲ್ಲಿಲ್ಲ. ಬೀಗ ಕೊಟ್ಟು ಕೀಲಿ ಮರೆತಿದ್ದರು.

ಮರೆತಿದ್ದರು ಅಂತಲೇ ಬರೆಯುತ್ತೇನೆ, ಮುಚ್ಚಿಟ್ಟಿದ್ದರು ಅಂತ ಅಲ್ಲ, ಯಾಕೆಂದರೆ ನಾನೂ ಅದೇ ಪಾಪ ಮಾಡಿದವನು. ಕೆಲವು ವರ್ಷ ಹಿಂದೆ, ಪುಣೆಯ ಹಿಂಜವಡಿಯ ಹಳೆ ಕಂಪನಿಯಲ್ಲಿದ್ದಾಗ, ನಮ್ಮ ತಂಡ ಮಾಡಿದ ಒಂದು ಗೇಟ್‌ವೇ ಡಬ್ಬಿಯನ್ನು ವಿದೇಶದ ಗ್ರಾಹಕರೊಬ್ಬರು ತಗೊಳ್ಳುವ ಮುಂಚೆ ಒಳಗಿನ ಲೈಸೆನ್ಸುಗಳ ಪಟ್ಟಿ, ಸೋರ್ಸ್ ಎರಡೂ ಕೇಳಿದರು. ಮ್ಯಾನೇಜರ್ ಅದುವರೆಗೆ 'ಯಾರು ಕೇಳ್ತಾರೆ ಬಿಡಿ' ಅನ್ನುತ್ತಿದ್ದವರು. ನೋಡಿದರೆ, ಆಗಲೇ ಮಾರಿದ್ದ ಆವೃತ್ತಿಯನ್ನು ಮತ್ತೆ ಕಟ್ಟಲು ನಮ್ಮಿಂದಲೇ ಆಗುತ್ತಿಲ್ಲ. ಕಟ್ಟುತ್ತಿದ್ದಿದ್ದು ಕೆಲಸ ಬಿಟ್ಟುಹೋದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ, ಆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬೇರೆಯವರ ಕೈಯಲ್ಲಿದೆ. ಹನ್ನೊಂದು ದಿನ ನಿದ್ದೆ ಇಲ್ಲ. ರೌಟರ್ ವ್ಯಾಪಾರದಲ್ಲಿ ಇದು ಇನ್ನೂ ಜಾಸ್ತಿ. ಡಬ್ಬಿ ಮೇಲೆ ಹೆಸರು ಹಾಕುವವರು ಒಬ್ಬರು, ಡಬ್ಬಿ ಮಾಡುವವರು ಇನ್ನೊಬ್ಬರು, ಚಿಪ್‌ನ ಜೊತೆ ಕೋಡ್ ಕೊಡುವವರು ಮತ್ತೊಬ್ಬರು. ಹೆಸರು ಹಾಕಿದವರ ಹತ್ತಿರ ಎಷ್ಟೋ ಸಲ ಬರೀ ಬೈನರಿ ಇರುತ್ತೆ. ಆದರೆ ಗ್ರಾಹಕರಿಗೆ ಹಂಚುತ್ತಿರುವವರು ಅವರು, ಹಾಗಾಗಿ ಹೊಣೆ ಅವರದೂ ಹೌದು. ಮೇಲಿನವರು ಕೊಟ್ಟಿಲ್ಲ ಅನ್ನೋದು ಉತ್ತರ ಆಗಲ್ಲ. ಈಗ ನಾವು ಯಾಕ್ಟೋ ಅನ್ನೋ ಇಮೇಜ್ ಕಟ್ಟುವ ಟೂಲ್‌ನಲ್ಲಿ ಪ್ರತಿ ಬಿಡುಗಡೆಗೂ ಸೋರ್ಸ್, ಲೈಸೆನ್ಸ್ ಪಟ್ಟಿ ಎರಡನ್ನೂ ಅವತ್ತೇ ಕಟ್ಟಿ ಇಡುತ್ತೇವೆ, ಫಾಸಾಲಜಿ ಅನ್ನೋ ಲೈಸೆನ್ಸ್ ಹುಡುಕುವ ಟೂಲ್‌ನಲ್ಲಿ ಒಮ್ಮೆ ಜಾಲಿಸುತ್ತೇವೆ. ಒಂದು ದಿನದ ಕೆಲಸ. ಆಮೇಲೆ ಹುಡುಕಿದರೆ ಒಂದು ತಿಂಗಳು.

ಈ ನಡುವೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಗೆಳೆಯ ರಾಘು ಸಿಕ್ಕ, ಧಾರವಾಡದವನು. ಕಥೆ ಕೇಳಿ, "ಏನಲೇ, ಎರಡು ಸಾವಿರದ ಡಬ್ಬಿಗೆ ಇಷ್ಟು ಜಗ್ಗಾಡಾಕತ್ತೀಯಲ್ಲ, ಹೊಸಾದು ತಗೊಳ್ಳಾಕ ಏನಾಗೇತಿ? ಇಲ್ಲಾ ಕೋರ್ಟಿಗೆ ಹೋಗಿಬಿಡು" ಅಂದ.

ಕೋರ್ಟಿಗೆ ಹೋದವರು ಇದ್ದಾರೆ. ನಮ್ಮಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತೆ. ಕಥೆ, ಕವಿತೆಯ ಪಂಕ್ತಿಯಲ್ಲೇ ಅದಕ್ಕೂ ಎಲೆ. ಲೈಸೆನ್ಸ್ ಮುರಿದರೆ ಹಂಚುವ ಹಕ್ಕೇ ಹೋಗುತ್ತೆ ಅಂತ ಜಿಪಿಎಲ್‌ನ ನಾಲ್ಕನೇ ಕಲಮು ಹೇಳುತ್ತೆ, ಆಮೇಲೆ ಹಂಚಿದ್ದೆಲ್ಲ ನಕಲು ಮಾಡಿ ಮಾರಿದ ಹಾಗೆ. ಜರ್ಮನಿಯಲ್ಲಿ ಹರಾಲ್ಡ್ ವೆಲ್ಟೆ ಅನ್ನೋ ಕರ್ನಲ್ ಡೆವಲಪರ್ 2004ರಲ್ಲಿ ಮ್ಯೂನಿಕ್ ಕೋರ್ಟಿನಿಂದ ಸೈಟ್‌ಕಾಮ್ ರೌಟರ್‌ಗಳ ಮೇಲೆ ತಡೆ ತಂದ, 2006ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಡಿ-ಲಿಂಕ್ ಮೇಲೆ ಗೆದ್ದ. ಅಮೆರಿಕದಲ್ಲಿ ಬಿಜಿಬಾಕ್ಸ್ ಬರೆದವರು 2007ರಲ್ಲಿ ಶುರು ಮಾಡಿ, 2009ರ ಡಿಸೆಂಬರ್‌ನಲ್ಲಿ ಒಂದೇ ದಾವೆಯಲ್ಲಿ 14 ಕಂಪನಿಗಳನ್ನು ಎಳೆದರು. ಪುಕ್ಕಟೆ ಕೊಟ್ಟ ಕೋಡಿಗೆ ಷರತ್ತು ಹಾಕಿದರೆ ಅದು ನಡೆಯುತ್ತಾ ಅನ್ನೋ ಪ್ರಶ್ನೆಗೆ ಅಲ್ಲಿನ ಮೇಲ್ಮನವಿ ಕೋರ್ಟ್ 2008ರಲ್ಲಿ ಹೌದು ಅಂದಿದ್ದು ಯಾವ ಕೇಸಿನಲ್ಲಿ ಗೊತ್ತಾ, ಆಟಿಕೆ ರೈಲು ಓಡಿಸುವ ಸಾಫ್ಟ್‌ವೇರ್ ಕೇಸಿನಲ್ಲಿ.

ಇವರೆಲ್ಲ ಕೋಡ್ ಬರೆದವರು. ನಾನು ಬರೀ ಕೊಂಡವನು. ಕೊಂಡವನಿಗೆ ದಾವೆ ಹೂಡುವ ಹಕ್ಕಿದೆಯಾ? ಅಮೆರಿಕದ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಸಂಸ್ಥೆ 2021ರಲ್ಲಿ ವಿಜಿಯೊ ಟಿವಿ ಕಂಪನಿ ಮೇಲೆ ಹಾಕಿದ ದಾವೆಯ ತಿರುಳೇ ಇದು: ನಾವು ಟಿವಿ ಕೊಂಡವರು, ಲೈಸೆನ್ಸ್ ಬರೆದಿರುವುದೇ ನಮ್ಮಂಥವರಿಗಾಗಿ, ಕೊಡಿ. ಜರ್ಮನಿಯಲ್ಲಿ ಸೆಬಾಸ್ಟಿಯನ್ ಸ್ಟೆಕ್ ಅನ್ನುವವರು ನನ್ನ ಹಾಗೇ ಒಂದು ರೌಟರ್ ಕೊಂಡು, ಎವಿಎಂ ಕಂಪನಿ ಅರ್ಧಂಬರ್ಧ ಸೋರ್ಸ್ ಕೊಟ್ಟಾಗ 2023ರಲ್ಲಿ ಕೋರ್ಟಿಗೆ ಹೋದರು. ಕಂಪನಿ ಕೊನೆಗೆ ಕಂಪೈಲ್ ಮಾಡುವ, ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟುಗಳ ಸಮೇತ ಕೊಟ್ಟಿತು. ಆ ಸುದ್ದಿ ಓದಿದ ದಿನ ನನ್ನ ಎರಡೂವರೆ ಗಂಟೆಯ ರಾತ್ರಿ ವ್ಯರ್ಥ ಅಲ್ಲ ಅನ್ನಿಸಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಪ್ಯಾಟ್ರಿಕ್ ಮೆಕ್‌ಹಾರ್ಡಿ ಅನ್ನೋ ಡೆವಲಪರ್ ಜರ್ಮನಿಯಲ್ಲಿ ಕಂಪನಿಗಳ ಹಿಂದೆ ಬಿದ್ದು ದುಡ್ಡು ವಸೂಲಿಗೆ ಇಳಿದ ಅಂತ 2016ರಲ್ಲಿ ಲಿನಕ್ಸ್‌ನ ಫೈರ್‌ವಾಲ್ ಭಾಗ ಬರೆಯುವ ಅವನ ಸ್ವಂತ ನೆಟ್‌ಫಿಲ್ಟರ್ ತಂಡವೇ ಅವನನ್ನು ದೂರ ಇಟ್ಟಿತು. 2017ರಲ್ಲಿ ಕರ್ನಲ್ ಡೆವಲಪರ್‌ಗಳು ಒಂದು ಹೇಳಿಕೆ ಹೊರಡಿಸಿದರು, ತಪ್ಪು ತಿದ್ದಿಕೊಂಡವರಿಗೆ ಹಕ್ಕು ವಾಪಸ್ ಸಿಗುತ್ತೆ ಅಂತ. ಮೊದಲ ಸಲದ ತಪ್ಪಾದರೆ, ನೋಟಿಸ್ ಬಂದ 30 ದಿನದೊಳಗೆ ತಿದ್ದಿಕೊಂಡರೆ ಸಾಕು. 2007ರ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಇದ್ದ ಮಾತು ಅದು. ದುಡ್ಡು ಬೇಡ, ಕೋಡ್ ಕೊಡಿ. ನನಗೆ ಒಪ್ಪಿಗೆಯಾಗುವ ದಾರಿ ಅದೇ, ಹಾಗಾಗಿಯೇ ಹೆಸರು ಎತ್ತಲ್ಲ ಅಂತ ಬರೆದುಕೊಟ್ಟಿದ್ದು.

ಜನವರಿಯಲ್ಲಿ ಇಮೇಲ್ ಬಿಟ್ಟು ಕಾಗದದ ಮೇಲೆ ಬರೆದು ಕೋಥ್ರೂಡ್ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್ ಮಾಡಿದೆ. ಒಂದೇ ಪುಟ. ಯಾವ ಮಾಡೆಲ್, ಯಾವ ಆವೃತ್ತಿ, ಬಿಲ್‌ನ ಪ್ರತಿ, ಎರಡು ಕಟ್ಟುಗಳಲ್ಲಿ ಏನೇನು ಇಲ್ಲ, ಯಾವ ಸಾಲಿನಲ್ಲಿ ಕಂಪೈಲ್ ನಿಲ್ಲುತ್ತೆ. ಕೊನೆಯಲ್ಲಿ, ಚೀಟಿಯ ಇಮೇಲ್ ವಿಳಾಸದಲ್ಲಿ ಒಂದು ಪಿ ಬಿಟ್ಟುಹೋಗಿದೆ, ದಯವಿಟ್ಟು ತಿದ್ದಿ ಅಂತಲೂ. ಇದನ್ನು ಮೂರನೇ ಸಲ ಬರೆದಿದ್ದು. ಲಿಂಕ್‌ಸಿಸ್ ಅನ್ನೋ ರೌಟರ್ ಕಂಪನಿಯ ಕಥೆಯನ್ನೂ ಒಂದು ಸಾಲಿನಲ್ಲಿ ಸೇರಿಸಿದೆ. 2003ರಲ್ಲಿ ಅವರ ಡಬ್ಲ್ಯುಆರ್‌ಟಿ54ಜಿ ರೌಟರ್‌ನಲ್ಲಿ ಲಿನಕ್ಸ್ ಇದೆ ಅಂತ ಬಯಲಾಗಿ, ಜನ ಕೇಳಿ ಕೇಳಿ ಸೋರ್ಸ್ ಹೊರಬಂತು, ಅದರಿಂದ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ, ರೌಟರ್‌ಗಳಿಗೆ ನಾವೇ ಹಾಕಿಕೊಳ್ಳಬಹುದಾದ ಮುಕ್ತ ಸಾಫ್ಟ್‌ವೇರ್ ಹುಟ್ಟಿತು. ಆ ಹೆಸರಿನಲ್ಲೇ ಆ ರೌಟರ್‌ನ ಹೆಸರಿದೆ. 2005ರಲ್ಲಿ ಅದೇ ಕಂಪನಿ ಲಿನಕ್ಸ್ ಬೇಕು ಅನ್ನುವವರಿಗಾಗಿಯೇ ಬೇರೆ ಮಾಡೆಲ್ ಮಾಡಿ ಮಾರಿತು. ಸೋರ್ಸ್ ಕೊಟ್ಟು ಅವರೇನೂ ಕೆಡಲಿಲ್ಲ.

ಮೂರನೇ ವಾರ ಮೂರನೇ ಕಟ್ಟು ಬಂತು. ಈ ಸಲ ಬರೆದಿದ್ದು ಇಂಜಿನಿಯರ್, ಮೊದಲ ಸಾಲಿನಲ್ಲೇ ಗೊತ್ತಾಯಿತು. 'ಹೆಡರ್ ಹಚ್ಚುವ ಟೂಲ್ ಸೇರಿಸಿದ್ದೇನೆ, ಉಬುಂಟುವಿನ ಹಳೇ ಆವೃತ್ತಿಯಲ್ಲಿ ಕಟ್ಟಿ ನೋಡಿದ್ದೇನೆ' ಅಂತ. ನಾಲ್ಕು ಸಾಲಿನ ಸೂಚನೆ, ನಾಲ್ಕೂ ಕೆಲಸ ಮಾಡಿದವು. ನಲವತ್ತು ನಿಮಿಷದಲ್ಲಿ ಇಮೇಜ್. ಡಿಎನ್‌ಎಸ್‌ಮಾಸ್ಕ್ ತೆಗೆದು ಹೊಸದು ಹಾಕಿ ಮತ್ತೆ ಕಟ್ಟಿದೆ. ರೌಟರ್ ಒಪ್ಪಿಕೊಂಡಿತು. ದೀಪ ಕೆಂಪಾಯಿತು, ಮಿನುಗಿತು, ಹಸಿರಾಯಿತು. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಆಫ್ ಮಾಡಿ ಆನ್ ಮಾಡಿಲ್ಲ.

ಮುಕ್ಕಾಲು ಅಂದೆನಲ್ಲ, ಉಳಿದ ಕಾಲು ವೈಫೈ ಡ್ರೈವರ್‌ದು, ಅಂದರೆ ವೈಫೈ ಚಿಪ್ ನಡೆಸುವ ಪ್ರೋಗ್ರಾಂದು. ಅದು ಬರೀ ಬೈನರಿ, ಸೋರ್ಸ್ ಇಲ್ಲ. ಚಿಪ್‌ನವರದು, ನಮ್ಮ ಕೈಯಲ್ಲಿಲ್ಲ ಅಂದರು. ಕರ್ನಲ್‌ನೊಳಗೆ ಕೂತು ಕೆಲಸ ಮಾಡುವ ಅಂಥ ತುಂಡಿಗೆ ಜಿಪಿಎಲ್ ತಗಲುತ್ತಾ ಇಲ್ಲವಾ ಅಂತ ತಿಳಿದವರೇ ಇಪ್ಪತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ. ನನ್ನ ಪ್ರಕಾರ ತಗಲುತ್ತೆ. ಆದರೆ ಆ ಇಂಜಿನಿಯರ್ ಕೈಲಿ ಇಲ್ಲದ್ದನ್ನು ಅವನ ಹತ್ತಿರ ಕೇಳಿ ಪ್ರಯೋಜನ ಇಲ್ಲ ಅಂತ ಸುಮ್ಮನಾದೆ. ಅದಕ್ಕೇ ಕರ್ನಲ್ ಹಳೇದೇ ಉಳಿದಿದೆ, ಡ್ರೈವರ್ ಹೊಸ ಕರ್ನಲ್‌ಗೆ ಹೊಂದಲ್ಲ. ಕೊಳ್ಳುವವರು ಇದನ್ನು ಗಮನಿಸಿ: ಸೋರ್ಸ್ ಬೇಕಾದರೆ ಅಂಗಡಿಗೆ ಹೋಗುವ ಮುಂಚೆಯೇ ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿ ಮಾಡೆಲ್ ಇದೆಯಾ ನೋಡಿ. ಇದ್ದರೆ ನನ್ನ ಏಳು ತಿಂಗಳು ನಿಮಗೆ ಉಳಿಯುತ್ತೆ.

ಆ ಕಟ್ಟನ್ನು ರಾಘುಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆ. ಹಾಂ, ಅವನೂ ಅದೇ ರೌಟರ್ ತಗೊಂಡಿದ್ದಾನೆ, ಅದೇ ಗಲ್ಲಿಯಲ್ಲಿ, ಐವತ್ತು ರೂಪಾಯಿ ಕಮ್ಮಿಗೆ. ಯಾರಿಗಾದರೂ ಕೊಡಬಹುದು, ಲೈಸೆನ್ಸ್ ನನಗೂ ಆ ಹಕ್ಕು ಕೊಟ್ಟಿದೆ.

ಮೊನ್ನೆ ಶನಿವಾರ ಬೆಳಗಾವಿಯ ಅಪ್ಪನ ಮನೆಗೆ ಅಂತ ಇನ್ನೊಂದು ತರಲು ಹೋದೆ. ಕಾಕಾಗೆ ಗುರುತು ಸಿಕ್ಕಿತು, ಅಮೃತತುಲ್ಯದಿಂದ ಚಹಾ ತರಿಸಿದರು. ಡಬ್ಬಿ ಕೊಟ್ಟಾಗ ನಾನು ರೌಟರ್ ಪಕ್ಕಕ್ಕಿಟ್ಟು ಮೊದಲು ಚೀಟಿ ಬಿಡಿಸಿದ್ದನ್ನು ನೋಡಿ ಅವರಿಗೆ ನಗು. ಚೀಟಿ ಹೊಸದು. ಅಕ್ಷರ ಸ್ವಲ್ಪ ದೊಡ್ಡದು, ಪಕ್ಕದಲ್ಲಿ ಕ್ಯೂಆರ್ ಕೋಡ್. ಅಲ್ಲೇ ನಿಂತು ಸ್ಕ್ಯಾನ್ ಮಾಡಿದೆ. ಒಂದು ಪುಟ ತೆರೆಯಿತು, ಮಾಡೆಲ್ ಹೆಸರು, ಅದರ ಮುಂದೆ ಡೌನ್‌ಲೋಡ್. ನನ್ನ ಮೂರನೇ ಕಟ್ಟು, ತಾರೀಖಿನ ಸಮೇತ. ಇಳಿಸಿ ನೋಡಿದೆ, ಹೆಡರ್ ಟೂಲ್ ಕೂಡ ಇದೆ. ಕೆಳಗಿನ ಸಾಲಿಗೆ ಬಂದೆ. ಇಮೇಲ್ ವಿಳಾಸ. ಸಪೋರ್ಟ್‌ನಲ್ಲಿ ಈಗಲೂ ಒಂದೇ ಪಿ.

"ಘೇಣಾರ್ ಕಾ, ಸಾಹೇಬ್?" ಅಂದರು ಕಾಕಾ, ತಗೋತೀರಾ ಇಲ್ಲವಾ ಅಂತ.

ತಗೊಂಡೆ. ಅವರ ಜೇಬಿನ ಪೆನ್ ಇಸ್ಕೊಂಡು, ಅಪ್ಪನ ಚೀಟಿಯಲ್ಲಿ ಇನ್ನೊಂದು ಪಿ ಬರೆದು, ಮಡಿಸಿ ಡಬ್ಬಿಯೊಳಗೆ ಹಾಕಿದೆ.